ತೊಡೆಯ ಬಾಡಿಗೆ

ಎರಡು ವರ್ಷ ತುಂಬದ ಮನುಷ್ಯನಿಗೆ ವಿಮಾನದಲ್ಲಿ ಟಿಕೆಟ್ ಇದೆ, ಸೀಟಿಲ್ಲ. ಅವನು ಕೂರಬೇಕಾದ್ದು ತಾಯಿಯ ತೊಡೆಯ ಮೇಲೆ. ತೊಡೆ ಅವಳದ್ದು, ಕೂಸು ಅವಳದ್ದು, ಕುಡಿಸುವ ಹಾಲೂ ಅವಳದ್ದೇ. ಬಾಡಿಗೆ ಮಾತ್ರ ವಿಮಾನ ಕಂಪನಿಗೆ. ದೇಶದಿಂದ ದೇಶಕ್ಕೆ ಹಾರುವಾಗ ಈ ಬಾಡಿಗೆ ಸಾಮಾನ್ಯವಾಗಿ ದೊಡ್ಡವರ ದರದ ಶೇ. 10, ಮೇಲೆ ತೆರಿಗೆ. ನಾನು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಯಾರೂ ಓದದ ಸಣ್ಣಕ್ಷರಗಳನ್ನು ಓದುವ ಚಟ ಇನ್ನೂ ಹೋಗಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದಿಂದ ಮಗಳು ಟಿಕೆಟ್ಟಿನ ಪ್ರತಿ ಕಳಿಸಿದಾಗ ನನ್ನ ಕಣ್ಣು ಮೊದಲು ಹೋದದ್ದು ಮೊಮ್ಮಗನ ಹೆಸರಿಗಲ್ಲ, ಅದರ ಮುಂದಿದ್ದ ಮೊತ್ತಕ್ಕೆ.

ನಮ್ಮ ಕಾಲದ ಬಸ್ಸಿನಲ್ಲಿ ಮಕ್ಕಳ ವಯಸ್ಸು ಮಾತುಕತೆಯಲ್ಲಿ ತೀರ್ಮಾನವಾಗುತ್ತಿತ್ತು. ಸಾಗರದಿಂದ ಶಿವಮೊಗ್ಗಕ್ಕೆ ಹೋಗುವಾಗ ಕಂಡಕ್ಟರು ನನ್ನನ್ನೊಮ್ಮೆ ಅಳೆದು ನೋಡಿ “ಈ ಹುಡುಗಿಗೆ ಅರ್ಧ ಟಿಕೆಟ್ ಆಗುತ್ತಲ್ಲಮ್ಮ” ಅಂದರೆ, ನಮ್ಮಮ್ಮ ನನ್ನನ್ನು ತೊಡೆಯ ಮೇಲಕ್ಕೆಳೆದುಕೊಂಡು ತಲೆಯನ್ನು ಮೆಲ್ಲಗೆ ಒತ್ತಿ ಹಿಡಿದು “ಎತ್ತರ ಅಷ್ಟೇ ಅಣ್ಣಾ, ಅವರಪ್ಪನ ಕಡೆ ಎಲ್ಲರೂ ಹಾಗೇ” ಅನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಕಂಡಕ್ಟರಿಗೂ ಮನೆಯಲ್ಲಿ ಮಕ್ಕಳಿದ್ದವು, ಮುಂದಿನ ಸೀಟಿಗೆ ಹೋಗುತ್ತಿದ್ದ. ಈಗ ಬಸ್ಸೂ ಲೆಕ್ಕಕ್ಕೆ ಬಿದ್ದಿದೆ ಅನ್ನಿ. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಒಬ್ಬ ಅಜ್ಜಿಗೂ ಮೊಮ್ಮಗಳಿಗೂ ಶಕ್ತಿ ಯೋಜನೆಯಲ್ಲಿ ಪ್ರಯಾಣ ಉಚಿತ. ಅವರ ಜೊತೆಗಿದ್ದ ನಾಲ್ಕು ಲವ್‌ಬರ್ಡ್‌ಗಳಿಗೆ ತಲಾ 111ರಂತೆ 444 ರೂಪಾಯಿ. ಪತ್ರಿಕೆಯಲ್ಲಿ ಅದನ್ನು ಓದಿದ ನಮ್ಮ ಯಜಮಾನರು “ರೆಕ್ಕೆ ಇದ್ದೂ ಬಸ್ ಹತ್ತಿದರೆ ದಂಡ, ರೆಕ್ಕೆ ಇಲ್ಲದೆ ವಿಮಾನ ಹತ್ತಿದರೂ ದಂಡ” ಅಂದರು.

ವಿಮಾನದಲ್ಲಿ ಅಮ್ಮನ ಆಟ ನಡೆಯುವುದಿಲ್ಲ. ಜನನ ಪ್ರಮಾಣಪತ್ರ ಬೇಕು, ಹೊರದೇಶಕ್ಕಾದರೆ ಕೂಸಿಗೂ ಪಾಸ್‌ಪೋರ್ಟ್ ಬೇಕು. ಎಷ್ಟು ದಿನದ ಕೂಸನ್ನು ಹತ್ತಿಸಬಹುದು ಎಂಬುದಕ್ಕೆ ಒಂದೊಂದು ಕಂಪನಿಯದು ಒಂದೊಂದು ಮಾತು. ಮೂರನೆಯ ದಿನಕ್ಕೇ ಬನ್ನಿ ಅನ್ನುವವರಿದ್ದಾರೆ, ವಾರ ಕಳೆಯಲಿ ಅನ್ನುವವರಿದ್ದಾರೆ, ಎರಡು ವಾರ ಅನ್ನುವವರೂ ಇದ್ದಾರೆ. ಹನ್ನೊಂದನೆಯ ದಿನ ಹೆಸರಿಡುವ ನಮ್ಮಂಥವರ ಮನೆಯ ಮೂರು ದಿನದ ಕೂಸಿಗೆ ಟಿಕೆಟ್ಟಿನಲ್ಲಿ ಏನೆಂದು ಬರೆಸುವುದು? ಇನ್ನು ಬಾಣಂತಿ ಹೊಸಿಲು ದಾಟಿದ್ದಕ್ಕೇ ನಮ್ಮ ದೊಡ್ಡಮ್ಮ ಊರೆಲ್ಲ ಕೇಳುವಂತೆ ಬೈದವಳು; ಅವಳಿಗೆ ಈ ನಿಯಮ ಓದಿ ಹೇಳುವ ಧೈರ್ಯ ನನಗಂತೂ ಇರಲಿಲ್ಲ.

ನಮ್ಮ ಮೊಮ್ಮಗ ಅಲ್ಲೇ ಹುಟ್ಟಿದವನು. ಅಮೆರಿಕದ ಪಾಸ್‌ಪೋರ್ಟಿಗೆ ಅಪ್ಪ ಅಮ್ಮ ಇಬ್ಬರೂ ಖುದ್ದು ಹೋಗಿ ಸಹಿ ಹಾಕಬೇಕು. ಫೋಟೋದಲ್ಲಿ ಮಗುವಿನ ಹೊರತು ಇನ್ನಾರ ಬೆರಳೂ ಕಾಣಬಾರದು. ಕೂರಲು ಬಾರದ ಕೂಸನ್ನು ಬಿಳಿ ದುಪ್ಪಟಿಯ ಮೇಲೆ ಅಂಗಾತ ಮಲಗಿಸಿ, ಅಳಿಯ ಕುರ್ಚಿ ಹತ್ತಿ ನಿಂತು ತೆಗೆದ ಚಿತ್ರ ಅದು. ಮಗು ಯಾರ ಮೇಲೋ ಮೊಕದ್ದಮೆ ಹೂಡಲು ಹೊರಟಂತಿದೆ. ಆ ಮುಖ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಪಾಸ್‌ಪೋರ್ಟಿಗೆ 135 ಡಾಲರ್, ಭಾರತಕ್ಕೆ ವೀಸಾ ಇಲ್ಲದೆ ಬರಲು ಒಸಿಐ ಕಾರ್ಡಿಗೆ 275 ಡಾಲರ್, ಅದರ ಮೇಲೆ ಸೇವಾಶುಲ್ಕ. ಕೂಡಿಸಿದೆ. ಅವನನ್ನು ಹೊತ್ತು ತರುವ ಖರ್ಚಿಗಿಂತ ಅವನು ಅವನೇ ಎಂದು ರುಜುವಾತು ಮಾಡುವ ಖರ್ಚೇ ಹೆಚ್ಚು.

ಇರಲಿ. ನನ್ನ ಹೊಟ್ಟೆಯುರಿಸಿದ್ದು ಮೊತ್ತವಲ್ಲ, ವಾಪಸಿನ ತಾರೀಕು.

ಮೊಮ್ಮಗ ಹುಟ್ಟಿದ್ದು 2024ರ ಫೆಬ್ರವರಿ 13ರಂದು. ಮಗಳು ಹೊರಟದ್ದು 2025ರ ಡಿಸೆಂಬರ್ ಕೊನೆಗೆ, ಮರಳುವುದು ಫೆಬ್ರವರಿ ಎರಡನೆಯ ವಾರ ಶುರುವಾಗುವ ಮೊದಲೇ. “ಇನ್ನೊಂದು ವಾರ ಇದ್ದು, ಹುಟ್ಟುಹಬ್ಬ ಮುಗಿಸಿಕೊಂಡು ಹೋಗಬಾರದೇನೇ?” ಅಂದೆ. “ಅಮ್ಮಾ, ವಾಪಸ್ ಹೋಗೋವಾಗ ಎರಡು ತುಂಬಿಬಿಟ್ಟರೆ ಅವನಿಗೆ ಬೇರೆ ಸೀಟೇ ತಗೋಬೇಕು” ಅಂದಳು. ನಿಜ. ಹೋಗುವಾಗ ಕೂಸಾಗಿದ್ದವನು ಬರುವಾಗ ಎರಡು ದಾಟಿದ್ದರೆ ಬರುವ ದಾರಿಗೆ ಮಕ್ಕಳ ಟಿಕೆಟ್ ಆಗಬೇಕು, ಅದು ಅನೇಕ ಕಡೆ ದೊಡ್ಡವರ ದರದ ಮುಕ್ಕಾಲು ಪಾಲು. ಒಂದು ಹುಟ್ಟುಹಬ್ಬಕ್ಕೆ ಶೇ. 10ರಿಂದ ಶೇ. 75ಕ್ಕೆ ಜಿಗಿತ! ನಾನು ಬ್ಯಾಂಕಿನಲ್ಲಿದ್ದಷ್ಟು ಕಾಲ ಯಾವ ಸಾಲಕ್ಕೂ ರಾತ್ರೋರಾತ್ರಿ ಹೀಗೆ ಬಡ್ಡಿ ಏರಿದ್ದು ಕಂಡಿಲ್ಲ.

ಆಮೇಲೆ ಗಮನಿಸುತ್ತ ಬಂದೆ. ನಮ್ಮ ಬಡಾವಣೆಯಲ್ಲಿ ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ಮನೆಗಳು ಬೇಕಾದಷ್ಟಿವೆ. ಅವರ ಮೊಮ್ಮಕ್ಕಳೆಲ್ಲ ಮೊದಲ ಸಲ ಊರಿಗೆ ಬರುವುದು ಹೆಚ್ಚುಕಡಿಮೆ ಒಂದೇ ವಯಸ್ಸಿನಲ್ಲಿ: ನಡೆಯಲು ಬಂದಿರುತ್ತದೆ, ಮಾತು ಬಂದಿರುವುದಿಲ್ಲ. ಅಜ್ಜಿಯಂದಿರು ಕೈಗೆ ಸಿಕ್ಕ ಆ ಒಂದು ತಿಂಗಳಲ್ಲಿ ಕಾಗೆ ತೋರಿಸುತ್ತಾರೆ, ಚಂದ್ರನನ್ನು ತೋರಿಸುತ್ತಾರೆ, “ಅಜ್ಜೀ ಅನ್ನು, ಅಜ್ಜೀ” ಎಂದು ಬಾಯಿ ನೋಯುವವರೆಗೆ ಹೇಳಿಕೊಡುತ್ತಾರೆ. ಮಗುವಿಗೆ ಮಾತು ಬರುವ ಹೊತ್ತಿಗೆ ಟಿಕೆಟ್ ದುಬಾರಿಯಾಗಿರುತ್ತದೆ. ಮುಂದಿನ ಸಲ ಬರುವಷ್ಟರಲ್ಲಿ ಅದು ನಾವು ಕಲಿಸದ ಭಾಷೆಯಲ್ಲಿ, ನಮಗಿಂತ ಚೆನ್ನಾಗಿ ಮಾತಾಡುತ್ತಿರುತ್ತದೆ. ಇದನ್ನೆಲ್ಲ ಯಾವ ಕಂಪನಿಯೂ ಬೇಕೆಂದು ಮಾಡಿದ್ದಲ್ಲ. ಅವರು ಸೀಟು ಲೆಕ್ಕ ಹಾಕಿದರು, ಅಷ್ಟೇ.

ಪ್ರಯಾಣದ ವರದಿಯನ್ನು ಮಗಳು ಫೋನಿನಲ್ಲಿ ಕಂತುಕಂತಾಗಿ ಒಪ್ಪಿಸಿದಳು. ದೂರದ ವಿಮಾನಗಳಲ್ಲಿ ಮುಂದಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು ಇರುತ್ತದೆ. ಅದರ ತೂಕದ ಮಿತಿ ಸಾಮಾನ್ಯವಾಗಿ ಹತ್ತು ಹನ್ನೊಂದು ಕಿಲೋ. ನಮ್ಮವನು ಆಗಲೇ ಹನ್ನೆರಡು ದಾಟಿದ್ದ. ನಮ್ಮ ಸಾಗರದ ಮನೆಯ ತೊಲೆಗೆ ನೇತುಹಾಕಿದ್ದ ತೊಟ್ಟಿಲಲ್ಲಿ ನಮ್ಮಣ್ಣ ಶಾಲೆಗೆ ಸೇರಿದ ಮೇಲೂ ಮಲಗುತ್ತಿದ್ದ, ಯಾರೂ ತಕ್ಕಡಿ ತರಲಿಲ್ಲ. ತೊಟ್ಟಿಲು ಸಿಕ್ಕವರ ಪಾಡೂ ಸುಖದ್ದಲ್ಲವಂತೆ. ಮಗು ಅತ್ತು ಸುಸ್ತಾಗಿ ಈಗ ತಾನೇ ಕಣ್ಣು ಮುಚ್ಚಿತು ಅನ್ನುವಾಗ ವಿಮಾನ ಮೋಡಕ್ಕೆ ಸಿಕ್ಕಿ ಕುಲುಕುತ್ತದೆ, ಬೆಲ್ಟಿನ ದೀಪ ಹೊತ್ತುತ್ತದೆ, ಮಗುವನ್ನು ಎತ್ತಿ ತೊಡೆಗೆ ಹಾಕಿಕೊಳ್ಳಬೇಕು. ಇನ್ನು ಅವಳಿಗಳಿದ್ದರೆ ಅಪ್ಪ ಅಮ್ಮ ಒಂದೇ ಕಡೆ ಕೂರುವ ಹಾಗಿಲ್ಲ. ಮೂರು ಸೀಟಿನ ಸಾಲಿನ ಮೇಲೆ ಸಾಧಾರಣವಾಗಿ ನಾಲ್ಕು ಆಮ್ಲಜನಕದ ಮುಖವಾಡ ಇರುತ್ತವೆ, ಹೆಚ್ಚಿನದು ಒಂದೇ. ಒಂದು ತೊಡೆ, ಒಂದು ಕೂಸು, ಒಂದು ಮುಖವಾಡ.

ಕೂಸಿನ ಬೆಲ್ಟಿನ ವಿಷಯ ಮಾತ್ರ ನನಗೆ ನಗು ತರಿಸುವುದಿಲ್ಲ. ಯುರೋಪಿನ ವಿಮಾನಗಳಲ್ಲಿ ತಾಯಿಯ ಬೆಲ್ಟಿಗೆ ಪೋಣಿಸುವ ಪುಟ್ಟ ಬೆಲ್ಟು ಕಡ್ಡಾಯ. ಅಮೆರಿಕದ ಕಂಪನಿಗಳ ವಿಮಾನಗಳಲ್ಲಿ ಅದೇ ಬೆಲ್ಟು ನಿಷಿದ್ಧ, ಅಲ್ಲಿ ತೋಳೇ ಗತಿ. 1989ರ ಜುಲೈ 19ರಂದು ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ಯುನೈಟೆಡ್‌ನ 232ನೇ ವಿಮಾನ ಹಿಡಿತ ತಪ್ಪಿ ನೆಲಕ್ಕಪ್ಪಳಿಸಿತು. ತೊಡೆಯ ಕೂಸುಗಳನ್ನು ಕಾಲ ಬಳಿ ನೆಲದ ಮೇಲೆ ಇಟ್ಟು ಹಿಡಿದುಕೊಳ್ಳಿ ಎಂದು ಮುಖ್ಯ ಗಗನಸಖಿ ಜಾನ್ ಬ್ರೌನ್ ಹೇಳಿದರು. ಆಗಿನ ನಿಯಮ ಅದೇ. ಆ ಕೂಸುಗಳಲ್ಲೊಂದು ಉಳಿಯಲಿಲ್ಲ. ಎರಡು ವರ್ಷದೊಳಗಿನವರಿಗೂ ಸೀಟು ಕಡ್ಡಾಯ ಮಾಡಿ ಎಂದು ಬ್ರೌನ್ ಆಮೇಲೆ ದಶಕಗಳ ಕಾಲ ಹೋರಾಡಿದರು. ಅಲ್ಲಿನ ವಿಮಾನಯಾನ ಇಲಾಖೆ, ಕೂಸಿಗೆ ಸೀಟೇ ಕ್ಷೇಮ ಎಂದು ಸಲಹೆ ಕೊಡುತ್ತದೆ, ಕಡ್ಡಾಯ ಮಾಡುವುದಿಲ್ಲ. ಸೀಟಿಗೆ ದುಡ್ಡು ಕೊಡಬೇಕಾದರೆ ಜನ ಕಾರು ಹತ್ತುತ್ತಾರೆ, ರಸ್ತೆಯಲ್ಲಿ ಸಾಯುವವರೇ ಹೆಚ್ಚಾಗುತ್ತಾರೆ ಎಂಬುದು ಅದರ ವಾದ. ಕೂಡಿ ಕಳೆದು ನೋಡಿದೆ, ಲೆಕ್ಕ ಸರಿಯಾಗೇ ಇದೆ. ತಾಳೆಯಾದ ಲೆಕ್ಕವನ್ನು ನೋಡಿಯೂ ನನಗೆ ನಿದ್ದೆ ಬರಲಿಲ್ಲ.

ಅಳುವಿನ ಬಗ್ಗೆ ಕಂಪನಿಗಳು ಬೇಕಾದಷ್ಟು ತಲೆ ಕೆಡಿಸಿಕೊಂಡಿವೆ. 2016ರಲ್ಲಿ ನಮ್ಮ ಇಂಡಿಗೋ, ಹನ್ನೆರಡು ವರ್ಷದೊಳಗಿನವರು ಕೂರಬಾರದ ಸದ್ದಿಲ್ಲದ ಸಾಲುಗಳನ್ನು ಗುರುತಿಸಿತು. ಜಪಾನ್ ಏರ್‌ಲೈನ್ಸ್ ಸೀಟಿನ ನಕ್ಷೆಯಲ್ಲೇ ಕೂಸು ಎಲ್ಲಿ ಕೂರುತ್ತದೆಂದು ತೋರಿಸತೊಡಗಿತು, ಬೇಕಾದವರು ದೂರ ಸರಿಯಲಿ ಎಂದು. ಅಮೆರಿಕದ ಜೆಟ್‌ಬ್ಲೂ ಮಾತ್ರ 2016ರ ತಾಯಂದಿರ ದಿನದ ಹೊತ್ತಿಗೆ ಒಂದು ತಮಾಷೆ ಮಾಡಿತು: ಒಂದು ಹಾರಾಟದಲ್ಲಿ ಪ್ರತಿ ಸಲ ಮಗು ಅತ್ತಾಗಲೂ ಎಲ್ಲ ಪ್ರಯಾಣಿಕರಿಗೆ ಮುಂದಿನ ಟಿಕೆಟ್ಟಿನಲ್ಲಿ ಶೇ. 25 ರಿಯಾಯಿತಿ. ನಾಲ್ಕು ಅಳುವಿಗೆ ಪುಕ್ಕಟೆ! ಅಂಥ ವಿಮಾನದಲ್ಲಿ ನಮ್ಮ ಯಜಮಾನರನ್ನು ಕೂರಿಸಿದರೆ ಮೊಮ್ಮಗನನ್ನು ಚಿವುಟುತ್ತಲೇ ಇರುತ್ತಿದ್ದರು. ಅಳುವಿಗೆ ಕಾರಣವೂ ಇದೆ. ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿರುವಷ್ಟೇ ಇರುತ್ತದೆ. ಮುಳ್ಳಯ್ಯನಗಿರಿಯ ತುದಿಯೇ 6,330 ಅಡಿ. ಅಂದರೆ ಅಷ್ಟೆತ್ತರದಿಂದ ಕೂಸನ್ನು ಅರ್ಧ ಗಂಟೆಯಲ್ಲಿ ಬಯಲಿಗಿಳಿಸಿದ ಹಾಗೆ. ಕಿವಿ ಬಿಗಿಯುತ್ತದೆ. ಇಳಿಯುವಾಗ ಹಾಲು ಕುಡಿಸಿ, ನುಂಗಿದರೆ ಕಿವಿ ಬಿಡುತ್ತದೆ ಎಂದು ವೈದ್ಯರು ಹೇಳುತ್ತಾರೆ.

ಪುಕ್ಕಟೆ ಅಂದದ್ದಕ್ಕೆ ನೆನಪಾಯಿತು. 2017ರ ಜೂನಿನಲ್ಲಿ ದಮ್ಮಾಮಿನಿಂದ ಕೊಚ್ಚಿಗೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲೇ ಒಂದು ಗಂಡುಮಗು ಹುಟ್ಟಿತು. ಮೂರು ದಿನ, ಏಳು ದಿನ ಎಂಬ ಎಲ್ಲ ನಿಯಮಗಳನ್ನೂ ಗಾಳಿಗೆ ತೂರಿ ಬಂದ ಪ್ರಯಾಣಿಕ. ಕಂಪನಿ ಸಂತೋಷದಿಂದ ಅವನಿಗೆ ಜೀವಮಾನವಿಡೀ ಉಚಿತ ಪ್ರಯಾಣ ಘೋಷಿಸಿತು. 2019ರ ಏಪ್ರಿಲಿನಲ್ಲಿ ಕಂಪನಿಯೇ ರೆಕ್ಕೆ ಮಡಚಿತು. ಹುಡುಗನಿಗೆ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ; ಸೀಟು ಬೇಕಾಗುವ ವಯಸ್ಸು ಬರುವ ಮೊದಲೇ ಉಚಿತ ಸೀಟು ಹೋಯಿತು. ಜೀವಮಾನ ಯಾರದ್ದು ಎಂದು ಸಣ್ಣಕ್ಷರದಲ್ಲಿ ಬರೆದಿತ್ತೋ ಏನೋ.

ಅಂತೂ ಬಂದಿಳಿದರು. ದೇವನಹಳ್ಳಿಯಿಂದ ಶಿವಮೊಗ್ಗಕ್ಕೆ ಮತ್ತೆ ವಿಮಾನ ಅಂದಿದ್ದಳು ಮಗಳು. 2023ರಿಂದ ನಮ್ಮ ಸೋಗಾನೆಯಲ್ಲೂ ಕುವೆಂಪು ಹೆಸರಿನ ನಿಲ್ದಾಣ ಇದೆಯಲ್ಲ. ಆದರೆ ದೇಶದೊಳಗೆ ಕೂಸಿಗೆ ಶೇಕಡಾ ಲೆಕ್ಕವಿಲ್ಲ, ಕಂಪನಿ ನಿಗದಿ ಮಾಡಿದ್ದಷ್ಟು ಕೊಡಬೇಕು, ಅದು ಸಾವಿರಗಳಲ್ಲಿ. “ರೈಲಿನಲ್ಲಿ ಐದು ವರ್ಷದವರೆಗೆ ಒಂದು ಪೈಸೆ ಇಲ್ಲ” ಎಂದು ಯಜಮಾನರು ಜನಶತಾಬ್ದಿಯಲ್ಲಿ ಕರೆತಂದರು. ದಾರಿಯುದ್ದಕ್ಕೂ ಮೊಮ್ಮಗ ಅವರ ತೊಡೆಯ ಮೇಲೇ ಕೂತಿದ್ದನಂತೆ. ಇಳಿಯುವಾಗ ಅವರ ಕಾಲು ಜೋಮು ಹಿಡಿದಿತ್ತು, ಮುಖದಲ್ಲಿ ಗೆದ್ದ ಕಳೆ.

ಹುಟ್ಟುಹಬ್ಬದ ದಾರಿ ತೋರಿಸಿದ್ದು ಒಂಟಿಕೊಪ್ಪಲ್ ಪಂಚಾಂಗ. ಮೊಮ್ಮಗ ಹುಟ್ಟಿದ ಗಳಿಗೆಯಲ್ಲಿ ಮಾಘ ಶುದ್ಧ ಪಂಚಮಿ. ಚಾಂದ್ರಮಾನದ ವರ್ಷ 354 ದಿನದ್ದು, ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಅಧಿಕಮಾಸ ಬಂದು ಸರಿದೂಗಿಸದಿದ್ದರೆ ಹಾಗೇ ಉಳಿಯುತ್ತದೆ. ಹಿಂದಿನ ಅಧಿಕಮಾಸ 2023ರ ಶ್ರಾವಣದಲ್ಲಿ ಬಂದುಹೋಗಿತ್ತು, ಮುಂದಿನದು 2026ರ ಜ್ಯೇಷ್ಠಕ್ಕೆ. ನಡುವಿನ ಈ ಎರಡು ವರ್ಷ ನಮ್ಮವನ ಪಾಲಿಗೆ. ಮಾಘ ಶುದ್ಧ ಪಂಚಮಿ 2026ರ ಜನವರಿ 23ಕ್ಕೇ ಬಿತ್ತು, ಇಂಗ್ಲಿಷ್ ತಾರೀಕಿಗಿಂತ ಮೂರು ವಾರ ಮೊದಲು!

ಎಣ್ಣೆ ಹಚ್ಚಿ ನೀರೆರೆದೆ. ಆರತಿ ಎತ್ತಿದೆವು, ಶಾವಿಗೆ ಪಾಯಸ ಮಾಡಿದೆ. ದೊಡ್ಡಮ್ಮನನ್ನು ಆಟೋದಲ್ಲಿ ಕರೆಸಿದೆ. ಯಜಮಾನರಿಗೆ ಧರ್ಮಸಂಕಟ. “ನೋಡೇ, ಶಾಸ್ತ್ರದ ಪ್ರಕಾರ ಇವನಿಗೆ ಈಗ ಎರಡು ತುಂಬಿತು. ವಾಪಸ್ ಹೋಗೋವಾಗ ಹತ್ತು ಪರ್ಸೆಂಟಿನಲ್ಲಿ ಹೋಗೋದು ನ್ಯಾಯವೇ?” ಅಂದರು. “ಕಂಪನಿಯವರು ರಾಹುಕಾಲ ನೋಡಿ ವಿಮಾನ ಬಿಡೋ ದಿನ ಬರಲಿ, ಆಗ ವಿಚಾರ ಮಾಡೋಣ” ಅಂದೆ.

ಹೊರಡುವ ಹಿಂದಿನ ದಿನ ಸೂಟ್‌ಕೇಸಿಗೆ ಹಾಕಿದ್ದ ಒಣಕೊಬ್ಬರಿಯನ್ನು ಮಗಳು ತೆಗೆದಿಟ್ಟಳು. ಎಣ್ಣೆಯಂಶ ಇರುವುದರಿಂದ ಅದು ಬೆಂಕಿ ಹಿಡಿಯಬಹುದಾದ ವಸ್ತುವಂತೆ. ಕೂಸಿನ ಹಾಲಿಗೆ ಮಾತ್ರ 100 ಮಿಲಿಲೀಟರಿನ ಕಟ್ಟುಪಾಡಿಲ್ಲ. 2006ರಲ್ಲಿ ಬಾಟಲಿಯಲ್ಲಿ ದ್ರವ ಸ್ಫೋಟಕ ತುಂಬಿ ವಿಮಾನ ಹತ್ತುವ ಲಂಡನ್ನಿನ ಸಂಚು ಬಯಲಾದ ಮೇಲೆ ದೊಡ್ಡವರ ನೀರಿನ ಬಾಟಲಿಯನ್ನೂ ಅನುಮಾನಿಸುವ ಜಗತ್ತಿನಲ್ಲಿ ಅವನಿಗಿರುವ ಒಂದೇ ಮರ್ಯಾದೆ ಅದು.

ಅಲ್ಲಿ ಮುಟ್ಟಿದ ಮೇಲೆ ಮಗಳು ಫೋನ್ ಮಾಡಿದಳು. ಹನ್ನೆರಡು ಕಿಲೋ ತೊಡೆಯ ಮೇಲಿಟ್ಟುಕೊಂಡು ಸಮುದ್ರ ದಾಟಿದವಳ ದನಿ. “ಉಳಿಸಿದ ದುಡ್ಡೆಲ್ಲ ಮಂಡಿಗೆ ಹಚ್ಚೋ ಮುಲಾಮಿಗೆ ಸರಿಹೋಯ್ತಮ್ಮ” ಅಂದಳು. ಫೆಬ್ರವರಿ 13ರಂದು ಕೇಕಿನ ಫೋಟೋ ಕಳಿಸಿದಳು.

ಇನ್ನು ಅವನು ಬರಬೇಕಾದರೆ ಮುಕ್ಕಾಲು ಟಿಕೆಟ್. ನಾವು ಹೋಗಬೇಕಾದರೆ ಎರಡು ಇಡೀ ಟಿಕೆಟ್, ವೀಸಾದ ಖರ್ಚು ಬೇರೆ. ಯಜಮಾನರು ಡೈರಿಯ ಹಿಂದಿನ ಪುಟದಲ್ಲಿ ಎರಡು ದಿನ ಲೆಕ್ಕ ಹಾಕಿ, ಕನ್ನಡಕ ತೆಗೆದು, “ಅವಳಿಗೆ ಇನ್ನೊಂದು ಮಗುವಾದರೆ ಮತ್ತೆ ಹತ್ತೇ ಪರ್ಸೆಂಟು ಕಣೇ” ಅಂದರು. ಇದನ್ನು ಮಗಳಿಗೆ ಹೇಳಲೋ ಬೇಡವೋ ಎಂದು ಅನುಮಾನಿಸಿ ಹೇಳಿಯೇಬಿಟ್ಟೆ.

“ಹಾಗಾದರೆ ಬಾಣಂತನಕ್ಕೆ ಇಬ್ಬರೂ ಇಲ್ಲಿಗೆ ಬರಬೇಕಾಗುತ್ತೆ ಅಂತ ಹೇಳು ಅಪ್ಪಂಗೆ,” ಅಂದಳು ಅವಳು. “ಎರಡು ಇಡೀ ಟಿಕೆಟ್.”