ಇಳಿಜಾರಿನಲ್ಲಿ ನಿಂತ ಗಾಡಿ

ಬೆಳಗಿನ ಆರೂವರೆಗೆಲ್ಲ ಹನೂರಿನ ಪಕ್ಕದ ಹಳ್ಳಿಯೊಂದರಲ್ಲಿ, ಮಾರಾಟಕ್ಕಿದ್ದ ಟ್ರಾಕ್ಟರಿನ ಮುಂದೆ ಹೋಗಿ ನಿಂತೆವು. ಮಾಲೀಕ ಇನ್ನೂ ಹಲ್ಲುಜ್ಜುತ್ತಿದ್ದ. ಚಿಕ್ಕಪ್ಪ ಅವನನ್ನು ಮಾತನಾಡಿಸುವ ಗೋಜಿಗೇ ಹೋಗದೆ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಎಂಜಿನ್ನಿನ ಪಕ್ಕೆಗೆ ಅಂಗೈ ಒತ್ತಿದರು. ಆಮೇಲೆ ನನ್ನ ಕಡೆ ತಿರುಗಿ, "ನಡಿ ಮಗ" ಅಂದರು.

ಬಸ್ ಸ್ಟಾಪಿಗೆ ಬಂದ ಮೇಲೆ ಕಾರಣ ಕೇಳಿದೆ. "ಬೆಚ್ಚಗದ ಕನ. ನಾವು ಬರೋದ ಯಾರೋ ಹೇಳವ್ರ, ಒಂದ್ಸಲ ಓಡಿಸಿ ಮಡಗವ್ನ. ತಣ್ಣಗಿರೋ ಗಾಡಿ ಸ್ಟಾರ್ಟ್ ಮಾಡುದ್ರ ತಾನ ಅದ್ರ ರೋಗ ಗೊತ್ತಾಗದು?"

ಚಿಕ್ಕಪ್ಪ ಟ್ರಾಕ್ಟರು ಓಡಿಸಿದವರಲ್ಲ. ಅವರ ವಿದ್ಯೆಯೆಲ್ಲ ಎತ್ತಿನದು. ಹಲ್ಲು ಎಣಿಸುವುದು, ಸುಳಿ ನೋಡುವುದು, ಸಂತೆಯಲ್ಲಿ ಬಾಲ ಮುಟ್ಟಿ ಎತ್ತು ಹೇಗೆ ಬೆದರುತ್ತದೆಂದು ಗಮನಿಸುವುದು. ನಮ್ಮ ಕಡೆಯ ಎತ್ತೆಂದರೆ ಆಲಂಬಾಡಿ ತಳಿ. ಹೊಗೇನಕಲ್ಲಿನ ಸುತ್ತಿನ ಕಾಡಂಚಿನಲ್ಲಿ ಮೇದು ಬೆಳೆದವು, ಕಲ್ಲುನೆಲಕ್ಕೆ ಹೇಳಿ ಮಾಡಿಸಿದಂಥವು. ಆ ಕಣ್ಣನ್ನೇ ಅವರು ಕಬ್ಬಿಣದ ಮೇಲೂ ಆಡಿಸುತ್ತಿದ್ದರು.

ಗೋಪಿನಾಥಂನಲ್ಲಿ ನಮಗೆ ನಾಲ್ಕು ಎಕರೆ ಹೊಲವಿದೆ. ಗೋಪಿನಾಥಂ ಎಂದ ಕೂಡಲೇ ಎದುರಿಗಿದ್ದವರು ಕೇಳುವ ಮುಂದಿನ ಪ್ರಶ್ನೆ ನನಗೆ ಗೊತ್ತು, ಮೂವತ್ತು ವರ್ಷ ಕೊಳ್ಳೇಗಾಲದಲ್ಲಿ ಮೇಷ್ಟರಾಗಿದ್ದಾಗಲೂ ಮಕ್ಕಳು ಅದನ್ನೇ ಕೇಳಿದರು. ಹೌದು, ವೀರಪ್ಪನ್ ಹುಟ್ಟಿದ ಊರೇ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ನಮ್ಮ ನಡುವೆ ಇದ್ದು ಮಾರಿಯಮ್ಮನ ಗುಡಿ ಕಟ್ಟಿಸಿದ ಊರೂ ಹೌದು. 1991ರ ನವೆಂಬರಿನಲ್ಲಿ ಅವರನ್ನು ಕೊಂದರು. 1993ರ ಏಪ್ರಿಲಿನಲ್ಲಿ ಪಾಲಾರಿನ ಬಳಿ ನೆಲಬಾಂಬ್ ಸಿಡಿಯಿತು. ಆ ದಿನಗಳಲ್ಲಿ ಹೊಲಕ್ಕೆ ಬುತ್ತಿ ಒಯ್ಯುವುದೂ ಕಷ್ಟವಾಗಿತ್ತು. "ಇಷ್ಟೊಂದು ಮುದ್ದೆ ಯಾರಿಗೆ?" ಎಂದು ವೀರಪ್ಪನ್‌ನನ್ನು ಹುಡುಕುತ್ತಿದ್ದ ಪೊಲೀಸರು ಕೇಳಿದರೆ, ನನಗೇ ಎಂದು ಅಪ್ಪ ಎಷ್ಟು ಸಲ ಉತ್ತರಿಸಿಯಾರು? ಆ ಮುಂಗಾರಿಗೆ ರಾಗಿ ಬಿತ್ತಲಿಲ್ಲ. ಎತ್ತು ಮಾರಿ, ಮನೆಗೆ ಬೀಗ ಹಾಕಿ ಕೊಳ್ಳೇಗಾಲಕ್ಕೆ ಬಂದೆವು.

ನಿವೃತ್ತನಾದ ಮೇಲೆ ಹೋಗಿ ನೋಡಿದರೆ ಹೊಲವೇ ಇಲ್ಲ! ಲಂಟಾನ ಆಳೆತ್ತರ ಬೆಳೆದು ನಿಂತಿತ್ತು, ನಡುನಡುವೆ ಸೀಮೆಜಾಲಿ, ಎಲಚಿ, ತಂಗಡಿ, ಬಂದರಿಕೆ. ಹಕ್ಕಿ ಉದುರಿಸಿದ ಬೀಜದಿಂದ ಎದ್ದ ಬೇವಿನ ಸಸಿಗಳು ಲೆಕ್ಕವಿಲ್ಲದಷ್ಟು. ಸುತ್ತಲೂ ಕಾವೇರಿ ವನ್ಯಧಾಮವಾದ್ದರಿಂದ ನಮ್ಮದು ಎಲ್ಲಿ ಮುಗಿದು ಕಾಡು ಎಲ್ಲಿ ಶುರುವಾಗುತ್ತದೆಂದು ತಿಳಿಯಲು ಸರ್ವೆಯವರನ್ನು ಕರೆಸಿ, ಕಲ್ಲು ಹುಡುಕಿಸಿ, ಸುಣ್ಣ ಬಳಿಸಬೇಕಾಯಿತು. ಈ ಲಂಟಾನ ಅಮೆರಿಕ ಖಂಡದ್ದು. ಹೂವು ಚಂದವೆಂದು ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರಂತೆ. ಕಾಡಿನಲ್ಲಿ ವರ್ಷಕ್ಕೊಮ್ಮೆ ಇಡುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಇದಕ್ಕೆ ಕೇಳುವವರೇ ಇಲ್ಲವಾಯಿತು ಎನ್ನುತ್ತಾರೆ ಸೋಲಿಗರು. ಅವರೇ ಈಗ ಮಲೆ ಮಹದೇಶ್ವರ ಬೆಟ್ಟದಲ್ಲಿ ಅದರ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ ಕುರ್ಚಿ ಕಟ್ಟುತ್ತಾರೆ. ನನ್ನ ನಾಲ್ಕು ಎಕರೆಯಲ್ಲಿದ್ದುದಕ್ಕೆ ಒಂದು ಕಲ್ಯಾಣ ಮಂಟಪಕ್ಕಾಗುವಷ್ಟು ಕುರ್ಚಿ ಮಾಡಬಹುದಿತ್ತು.

ಜೆಸಿಬಿ ಕರೆಸಿದ್ದರೆ ಎರಡು ದಿನದ ಕೆಲಸ. ಎಲ್ಲರೂ ಅದನ್ನೇ ಹೇಳಿದರು. ಆದರೆ ಅದು ಬೇವಿನ ಸಸಿ ಯಾವುದು, ಜಾಲಿ ಯಾವುದು ಎಂದು ನೋಡುವುದಿಲ್ಲ, ಮೇಲ್ಮಣ್ಣನ್ನೂ ಗುಡ್ಡೆ ಹಾಕಿ ಹೋಗುತ್ತದೆ. ಅಪ್ಪ ಗೊಬ್ಬರ ಹೊತ್ತು ಮಾಡಿದ ಮಣ್ಣು ಅದು. ಹೀಗಾಗಿ ಹಳೆಯ ಟ್ರಾಕ್ಟರೊಂದನ್ನು ಕೊಳ್ಳುವ ಹುಚ್ಚು ಹತ್ತಿತು. ನಿವೃತ್ತ ಮೇಷ್ಟರಿಗೆ ಹತ್ತುವ ಹುಚ್ಚುಗಳಲ್ಲಿ ಇದು ಅಗ್ಗದ್ದಲ್ಲ.

ಮೊದಮೊದಲು ನಾಚಿಕೆಯೂ ಇತ್ತು. ಬೇರೆಯವರು ಸವೆಸಿ ಬಿಟ್ಟ ಗಾಡಿ, ಅದೂ ಕುರುಚಲು ಕೀಳಲು! ಆಮೇಲೆ ಓದಿ ತಿಳಿದೆ, ಸ್ವತಂತ್ರ ಭಾರತ ಮಾಡಿದ್ದೂ ಇದನ್ನೇ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆ ಇಲ್ಲಿ ಬಿಟ್ಟುಹೋದ ಟ್ರಾಕ್ಟರುಗಳನ್ನು ಕೂಡಿಹಾಕಿ ಕೇಂದ್ರ ಸರ್ಕಾರ ಸೆಂಟ್ರಲ್ ಟ್ರಾಕ್ಟರ್ ಆರ್ಗನೈಸೇಶನ್ ಎಂಬುದನ್ನು ಕಟ್ಟಿತು. ಮಧ್ಯಭಾರತದ ಹೊಲಗಳನ್ನು ನುಂಗಿದ್ದ ಕಾಂಸ್ ಹುಲ್ಲನ್ನು (ಅದು ಕಬ್ಬಿನ ದಾಯಾದಿ, ಬೇರು ಪಾತಾಳಕ್ಕೆ) ಕಿತ್ತೊಗೆಯುವುದೇ ಅದರ ಕೆಲಸ. 1949ರಲ್ಲಿ ವಿಶ್ವಬ್ಯಾಂಕಿನಿಂದ ನಮ್ಮ ದೇಶ ಪಡೆದ ಎರಡನೇ ಸಾಲ, ಒಂದು ಕೋಟಿ ಡಾಲರು, ಈ ಹುಲ್ಲು ಮತ್ತು ಕುರುಚಲು ತೆಗೆಯುವ ಯಂತ್ರಗಳಿಗಾಗಿಯೇ. ದೇಶಕ್ಕಿಲ್ಲದ ನಾಚಿಕೆ ನನಗೇಕೆ?

ನಾಲ್ಕು ಗಾಡಿ ಬಿಟ್ಟು ಐದನೆಯದನ್ನು ಒಪ್ಪಿಕೊಂಡೆವು. 2001ರ ಮ್ಯಾಸಿ ಫರ್ಗುಸನ್ 1035, ಕೆಂಪು ಬಣ್ಣ ಮಾಸಿ ಇಟ್ಟಿಗೆಯ ಹಾಗಾಗಿತ್ತು. ಎಂಜಿನ್ ತಣ್ಣಗಿತ್ತು. ಚಿಕ್ಕಪ್ಪನಿಗೆ ಅಷ್ಟಾದರೆ ಸಾಕು, ಮಿಕ್ಕಿದ್ದನ್ನು ಹನೂರಿನ ಮೆಕ್ಯಾನಿಕ್ ನೋಡಿದ. ಆಯಿಲ್ ಕಡ್ಡಿ ಎಳೆದು ಬೆರಳಿಗೆ ಸವರಿಕೊಂಡ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ, ಇದು ಕಪ್ಪಗಿತ್ತು. ಸ್ಟಾರ್ಟ್ ಮಾಡಿಸಿ ಹೊಗೆ ನೋಡಿದ: ಎಳೆಯುವಾಗ ಕಪ್ಪು ಹೊಗೆ ಬಂದರೆ ಚಿಂತೆಯಿಲ್ಲ, ನೀಲಿ ಬಂದರೆ ಎಂಜಿನ್ನು ಆಯಿಲ್ ಕುಡಿಯುತ್ತಿದೆ. ಮುಂಗಾಲಿ ಹಿಡಿದು ಅಲ್ಲಾಡಿಸಿದ. ಒಂಬತ್ತು ಕುಳದ ಕಲ್ಟಿವೇಟರನ್ನು ಮೇಲೆತ್ತಿಸಿ, ಎಂಜಿನ್ ಆಫ್ ಮಾಡಿಸಿ, "ಬನ್ನಿ ಮೇಷ್ಟ್ರೇ, ಟೀ ಕುಡಿಯೋಣ" ಅಂದ. ಟೀ ಕುಡಿದು ಬರುವಷ್ಟರಲ್ಲಿ ಕುಳಗಳು ನಾಲ್ಕು ಬೆರಳು ಇಳಿದಿದ್ದವು. "ಪರವಾಗಿಲ್ಲ, ನಮ್ಮ ಮಂಡಿಗಿಂತ ವಾಸಿ."

ಕುರುಚಲಿಗೆ ಹೋಗುವ ಗಾಡಿಗೆ ಹಾರ್ಸ್ ಪವರ್ರಿಗಿಂತ ಮುಖ್ಯವಾದ ಸಂಗತಿಗಳು ಬೇರೆಯೇ ಇವೆ ಎಂದು ಕಲಿತದ್ದು ಅವನಿಂದ. ಒಣಗಿದ ಎಲೆ, ಹೂವಿನ ಹೊಟ್ಟು ರೇಡಿಯೇಟರಿಗೆ ಮೆತ್ತಿಕೊಂಡು ಎಂಜಿನ್ ಕುದಿಯುತ್ತದೆ, ಅದಕ್ಕೆ ಜರಡಿ ಬೇಕು. ಹೊಟ್ಟೆಯಡಿಯ ಪೈಪುಗಳಿಗೆ ತಗಡಿನ ಕವಚ ಬೇಕು. ಮಚ್ಚಿನಲ್ಲಿ ಓರೆಯಾಗಿ ಕಡಿದ ಲಂಟಾನದ ಮೋಟು ಮೊಳೆಯಂತೆ ನಿಂತು ಟೈರು ಸೀಳುತ್ತದೆ, ಆದ್ದರಿಂದ ಕಡಿಯಬಾರದು, ಕೀಳಬೇಕು. ಹೇಗೂ ಕಡಿದರೆ ಅದು ದುಪ್ಪಟ್ಟು ಚಿಗುರುತ್ತದೆ.

ದೋಷ ಎರಡಿದ್ದವು. ಸ್ಟಾರ್ಟರ್ ಮೋಟಾರಿಗೆ ಮನಸ್ಸು ಬಂದರೆ ತಿರುಗುತ್ತಿತ್ತು, ಪಾರ್ಕಿಂಗ್ ಬ್ರೇಕಂತೂ ಹಿಡಿಯುತ್ತಲೇ ಇರಲಿಲ್ಲ. ಎರಡಕ್ಕೂ ಸೇರಿಸಿ ಹನ್ನೆರಡು ಸಾವಿರ ಇಳಿಸಿದರು ಚಿಕ್ಕಪ್ಪ. ಮೂರನೆಯದು ಆರ್‌ಸಿ ಪುಸ್ತಕದಲ್ಲಿತ್ತು. ಅದರಲ್ಲಿ ಎಚ್‌ಪಿ ಎಂದು ಕಂಡು ಕುದುರೆಬಲವೆಂದುಕೊಂಡೆ. ಅದು ಹೈಪೋಥಿಕೇಶನ್, ಅಂದರೆ ಸಾಲದ ಗುರುತು. ತೀರಿಹೋದ ಸಾಲದ ಆ ಗುರುತನ್ನು ಅಳಿಸಲು ಎರಡು ತಿಂಗಳು ಅಲೆದಾಟ. ಕಾಗದಪತ್ರದ ಕಾಟ ಈ ವಂಶದಲ್ಲೇ ಇದೆ. ಮ್ಯಾಸಿಯ ಮೂಲಪುರುಷ ಹ್ಯಾರಿ ಫರ್ಗುಸನ್, ಉತ್ತರ ಐರ್ಲೆಂಡಿನವನು, 1938ರಲ್ಲಿ ಹೆನ್ರಿ ಫೋರ್ಡನ ಜೊತೆ ಬರೀ ಕೈಕುಲುಕಿ ಪಾಲುಗಾರಿಕೆ ಮಾಡಿಕೊಂಡ. ಫೋರ್ಡನ ಮೊಮ್ಮಗನ ಕಾಲಕ್ಕೆ ಅದು ಮುರಿದು, ಕೋರ್ಟು ಹತ್ತಿ, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು.

ಗಾಡಿಯನ್ನು ಹನೂರಿನಿಂದ ಕೌದಳ್ಳಿ ದಾಟಿ, ಬೆಟ್ಟ ಹತ್ತಿಸಿ, ಪಾಲಾರಿನ ಕಡೆ ಇಳಿಸಿದ್ದು ಗೋಪಿನಾಥಂನ ಡ್ರೈವರ್ ಹುಡುಗ. ತಮಿಳಲ್ಲಿ ಬೈದು ಕನ್ನಡದಲ್ಲಿ ಕ್ಷಮೆ ಕೇಳುವವನು. ತಿರುವುಗಳಲ್ಲಿ ಕ್ಲಚ್ಚು ಮುಟ್ಟದೆ ಸಣ್ಣ ಗೇರಿನಲ್ಲೇ ಇಳಿಸಿದ. ನಾನು ಮಡ್‌ಗಾರ್ಡಿನ ಮೇಲೆ ಕೂತು ಮಾದಪ್ಪನನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮರೆತಿದ್ದೆ.

ಕೀಳುವ ಕೆಲಸ ನಿಧಾನದ್ದು. ಬುಡಕ್ಕೆ ಸರಪಳಿ ಸುತ್ತಬೇಕು, ಮೆಲ್ಲಗೆ ಎಳೆಯಬೇಕು, ಬೇರು ಬಂದ ಮೇಲೆ ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಬೇವಿನ ಸಸಿಗಳಿಗೆ ನಾನು ಬಿಳಿ ಬಟ್ಟೆ ಕಟ್ಟಿದ್ದೆ. ಅವನ್ನು ಬಳಸಿಕೊಂಡು ಹೋಗುವಾಗಲೆಲ್ಲ ಹುಡುಗ ತಮಿಳಿಗೆ ಇಳಿಯುತ್ತಿದ್ದ.

ಆರನೆಯ ದಿನ ಹಳೆಯ ಕಣದ ಅಂಚಿನಲ್ಲಿ ಒಂದು ಜಾಲಿಯ ಬುಡ ಅಲುಗಲಿಲ್ಲ. ಹುಡುಗ ಅವಸರಕ್ಕೆ ಸರಪಳಿಯನ್ನು ಕೆಳಗಿನ ಹುಕ್ಕಿನಿಂದ ಬಿಚ್ಚಿ ಮೇಲಿನ ಟಾಪ್ ಲಿಂಕಿನ ಜಾಗಕ್ಕೆ ಸಿಕ್ಕಿಸಿ ಕ್ಲಚ್ಚು ಬಿಟ್ಟ. ಹಿಂಗಾಲಿ ನೆಲ ಕಚ್ಚಿತು, ಮುಂಗಾಲಿಗಳೆರಡೂ ಹಿಂಗಾಲ ಮೇಲೆ ನಿಂತ ಕುದುರೆಯಂತೆ ಗಾಳಿಗೆದ್ದವು. ಚಿಕ್ಕಪ್ಪ "ತುಳಿಯೋ!" ಎಂದು ಕೂಗಿದ್ದು ಕೇಳಿಸಿತು. ಅವನು ಕ್ಲಚ್ಚು ತುಳಿದ, ಗಾಡಿ ಧೊಪ್ಪೆಂದು ಬಿತ್ತು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಫರ್ಗುಸನ್ ತಲೆ ಕೆಡಿಸಿಕೊಂಡದ್ದು ಇದರ ಬಗ್ಗೆಯೇ. ಅವನ ಕಾಲದಲ್ಲಿ ನೇಗಿಲನ್ನು ಟ್ರಾಕ್ಟರಿನ ಹಿಂದೆ ಎತ್ತಿಗೆ ಕಟ್ಟಿದಂತೆಯೇ ಕಟ್ಟುತ್ತಿದ್ದರು. ಕುಳ ಹೂತ ಕಲ್ಲಿಗೋ ಬೊಡ್ಡೆಗೋ ಸಿಕ್ಕಿದರೆ ಮೂತಿ ಮೇಲೆದ್ದು ಡ್ರೈವರನ ಮೇಲೇ ಮಗುಚುತ್ತಿತ್ತು. 1917ರಲ್ಲಿ ಬಂದ ಫೋರ್ಡ್‌ಸನ್ ಗಾಡಿಗೆ ಈ ಕೆಟ್ಟ ಹೆಸರು ಚೆನ್ನಾಗಿಯೇ ಅಂಟಿತ್ತು. ಎತ್ತಾದರೆ ನೇಗಿಲು ಸಿಕ್ಕಿಕೊಂಡ ಕೂಡಲೇ ನಿಲ್ಲುತ್ತದೆ, ಎಂಜಿನ್ನಿಗೆ ಆ ಬುದ್ಧಿಯಿಲ್ಲ. ಫರ್ಗುಸನ್ ನೇಗಿಲನ್ನು ಮೂರು ತೋಳುಗಳಲ್ಲಿ ಗಾಡಿಗೇ ಜೋಡಿಸಿದ. ಸಿಕ್ಕಿಕೊಂಡರೆ ಮೇಲಿನ ತೋಳು ಗಾಡಿಯನ್ನು ಮುಂದಕ್ಕೆ ಒತ್ತಿ ಮೂತಿಯನ್ನು ನೆಲಕ್ಕೆ ಹಿಡಿಯುತ್ತದೆ. ಇವತ್ತು ಹೊಲದಲ್ಲಿ ಕಾಣುವ ಟ್ರಾಕ್ಟರುಗಳಿಗೆಲ್ಲ ಈ ಮೂರು ತೋಳುಗಳಿವೆ. ಆದರೆ ಒತ್ತಲು ಇಟ್ಟ ಆ ಮೇಲಿನ ಜಾಗಕ್ಕೆ ಸರಪಳಿ ಸಿಕ್ಕಿಸಿ ಎಳೆದರೆ ಅವನ ಉಪಕಾರವೆಲ್ಲ ತಿರುಗುಮುರುಗು.

ಜಾಲಿಯ ಬುಡವನ್ನು ಕೈಯಲ್ಲೇ ಅಗೆದೆವು. ಬೇರುಗಳು ಒಂದು ಕಲ್ಲನ್ನು ತಬ್ಬಿಕೊಂಡಿದ್ದವು. ಮಣ್ಣು ಸರಿಸಿದ ಚಿಕ್ಕಪ್ಪ, "ನಮ್ಮ ರೋಣಗಲ್ಲು" ಅಂದರು. ಆಲಂಬಾಡಿ ಜೋಡಿ ಕಣದಲ್ಲಿ ಸುತ್ತು ಹೊಡೆದು ರಾಗಿ ಉದುರಿಸುತ್ತಿದ್ದ ಗುಂಡು. ಎತ್ತು ಮಾರಿದ ವರ್ಷ ಅಪ್ಪ ಅದನ್ನು ಅಂಚಿಗೆ ಉರುಳಿಸಿ ಬಿಟ್ಟಿದ್ದರಂತೆ. ನನಗೆ ನೆನಪಿರಲಿಲ್ಲ.

ಅದನ್ನು ಮೇಲೆತ್ತಲು ಹೋಗಲಿಲ್ಲ. ಕಣದ ಅಂಚಿನಿಂದ ಹೊಲ ಇಳಿಜಾರಾಗುತ್ತದೆ. ಸ್ಟಾರ್ಟರ್ ಕೈಕೊಡುವ ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸಬೇಕು, ಬೆಳಗ್ಗೆ ಉರುಳಿಸಿ ಗೇರು ಹಾಕಿದರೆ ಎಂಜಿನ್ ಎದ್ದುಕೊಳ್ಳುತ್ತದೆ. ಬ್ರೇಕು ಹಿಡಿಯದ ಗಾಡಿಗೆ ಅಡ್ಡಗಲ್ಲೂ ಬೇಕು. ಈಗ ಸಂಜೆ ಹುಡುಗ ಮುಂಗಾಲಿಯನ್ನು ಅರ್ಧ ಹೂತ ಆ ಗುಂಡುಕಲ್ಲಿಗೆ ಆನಿಸಿ ಕೀಲಿ ತೆಗೆಯುತ್ತಾನೆ. ಬೆಳಗ್ಗೆ ನಾನು, ಚಿಕ್ಕಪ್ಪ ಮುಂದಿನಿಂದ ನೂಕಿ ಗಾಡಿಯನ್ನು ಒಂದು ಗೇಣು ಹಿಂದಕ್ಕೆ ಸರಿಸುತ್ತೇವೆ, ಅವನು ಸ್ಟೇರಿಂಗ್ ತಿರುಗಿಸಿ ಕಲ್ಲು ತಪ್ಪಿಸಿ ಇಳಿಜಾರಿಗೆ ಬಿಡುತ್ತಾನೆ. ನೂಕುವ ಮೊದಲು ಚಿಕ್ಕಪ್ಪ ಈಗಲೂ ಎಂಜಿನ್ನಿನ ಪಕ್ಕೆ ಮುಟ್ಟಿ ನೋಡುತ್ತಾರೆ.