ಗಂಜಿ ಪಾತ್ರೆ

ದೇವರನ್ನು ಪ್ರೀತಿಸುವುದೆಂದರೆ ಕಣ್ಣು ತುಂಬಿ ಬರುವುದು ಎಂದೇ ಬಹಳ ದಿನ ನಂಬಿದ್ದೆ. ಧ್ಯಾನಕೂಟಗಳಲ್ಲಿ ಹಾಡುವಾಗ ನನಗೆ ಹಾಗಾಗುತ್ತಿತ್ತು. ಅಮ್ಮನಿಗೆ ಲಕ್ವ ಹೊಡೆದ ಮೇಲೆ ಅದು ನಿಂತಿತು. ಭಾನುವಾರದ ಪೂಜೆ ತಪ್ಪಿತು; ಜಪಸರ ಹಿಡಿದರೆ ನಿದ್ದೆ. ಉಳಿದದ್ದು ಗಂಜಿ, ಔಷಧಿ, ಬಟ್ಟೆ ಒಗೆಯುವುದು. ಒಳಗೊಳಗೇ ಸಿಟ್ಟು. ಒಂದು ರಾತ್ರಿ ಅಮ್ಮ ಗಂಜಿ ಚೆಲ್ಲಿದಾಗ ಗದರಿಬಿಟ್ಟೆ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಆ ದಿನಗಳಲ್ಲೇ ಬ್ರದರ್ ಲಾರೆನ್ಸ್ ಬಗ್ಗೆ ಓದಿದೆ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಅಡುಗೆ ಮಾಡಿಕೊಂಡಿದ್ದವರು. ಅದಕ್ಕೂ ಮೊದಲು ಸೈನಿಕರು. ಗಾಯದಿಂದ ಕಾಲು ಕುಂಟಾಗಿತ್ತು. ಅಡುಗೆಮನೆ ಕೆಲಸವೆಂದರೆ ಅವರಿಗೆ ಮೊದಲಿಂದಲೂ ಆಗದು. ಆದರೂ ಅದನ್ನು ದೇವರಿಗಾಗಿ ಮಾಡುತ್ತಾ, ಕೆಲಸದ ನಡುವೆಯೇ ದೇವರೊಡನೆ ಮಾತಾಡುವುದನ್ನು ರೂಢಿಸಿಕೊಂಡರು. ಪ್ರಾರ್ಥನೆಯ ಹೊತ್ತು, ದುಡಿಮೆಯ ಹೊತ್ತು ಎಂಬ ಭೇದ ಅವರಿಗೆ ಉಳಿಯಲಿಲ್ಲ. ಮನಸ್ಸು ಬೇರೆಡೆ ಹೋದರೆ ಕೊರಗುತ್ತ ಕೂರದೆ ಮತ್ತೆ ತಿರುಗಿ ಬರುತ್ತಿದ್ದರಂತೆ.

ಈ ತಿರುಗಿ ಬರುವುದು ನನ್ನಿಂದಲೂ ಆದೀತು ಅನ್ನಿಸಿತು. ಬೆಳಿಗ್ಗೆ ಅಮ್ಮನ ಕ್ಷಮೆ ಕೇಳಿದೆ. ಗಂಜಿ ಕಲಕುತ್ತಾ ‘ಸ್ವಾಮಿ, ಇದು ನಿಮಗೆ’ ಎಂದೆ. ಕಣ್ಣೀರೇನೂ ಬರಲಿಲ್ಲ. ಸಿಟ್ಟು ಆಮೇಲೂ ಬಂತು, ಈಗಲೂ ಬರುತ್ತದೆ. ಬಂದಾಗ ಚಮಚ ಕೆಳಗಿಟ್ಟು, ಸ್ವಲ್ಪ ಸುಮ್ಮನಿದ್ದು, ಮತ್ತೆ ಶುರು ಮಾಡುತ್ತೇನೆ.

ಹಸಿದವರಿಗೆ ಉಣಿಸಿದ್ದು ತಮಗೇ ಉಣಿಸಿದಂತೆ ಎಂದು ಯೇಸುಸ್ವಾಮಿ ಹೇಳಿದ್ದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಕಿವಿಯಲ್ಲಿದ್ದ ಮಾತು ಕೈಗಿಳಿಯಲು ಇಷ್ಟು ವರ್ಷ ಹಿಡಿಯಿತು.

ಮೊನ್ನೆ ಊಟ ಮುಗಿದ ಮೇಲೆ ಅಮ್ಮ ಎಡಗೈ ಎತ್ತಿ ನನ್ನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದಳು. ಬೆರಳಲ್ಲಿ ಗಂಜಿ ಅಂಟಿತ್ತು.