ಬಂದವರೇ ‘ಬನ್ನಿ’ ಎನ್ನಬೇಕು

ಕಾಲೇಜಿಗೆ ಹೊಸ ಪ್ರಿನ್ಸಿಪಾಲರು ಬರುತ್ತಾರೆಂದು ಗೊತ್ತಾದ ಕೂಡಲೇ ನಮ್ಮಲ್ಲಿ ಮೊದಲು ಆಗುವ ಕೆಲಸ ಹಾರಕ್ಕೆ ಹೇಳುವುದು. ಒಬ್ಬರು ಹೂವಿನಂಗಡಿಗೆ ಹೋದರೆ ಇನ್ನೊಬ್ಬರು ಶಾಲು, ಹಣ್ಣಿನ ಬುಟ್ಟಿ ತರಲು ಹೊರಡುತ್ತಾರೆ. ಹನ್ನೊಂದು ಗಂಟೆಗೆ ಸಭೆ. ಪ್ರಾರ್ಥನೆ, ಸ್ವಾಗತ, ಹಾರ, ಇಬ್ಬರು ಹಿರಿಯರ ಮಾತು ಮುಗಿದ ಮೇಲೆ ಹೊಸಬರು ಎದ್ದು ನಿಂತು, ‘ನಿಮ್ಮೆಲ್ಲರ ಸಹಕಾರ ಬೇಕು’ ಎಂದು ನಾಲ್ಕು ಮಾತಾಡುತ್ತಾರೆ. ವಂದನಾರ್ಪಣೆ ಆಗುವಷ್ಟರಲ್ಲಿ ಉಪ್ಪಿಟ್ಟು, ಕೇಸರಿಬಾತ್ ಹಿಂದಿನ ಬೆಂಚಿನ ಮೇಲೆ ಬಂದಿರುತ್ತವೆ. ಹೊರಗೆ ಅಡ್ಮಿಷನ್ನಿಗೆ ಬಂದ ಹುಡುಗರು, ಅವರ ಅಪ್ಪಂದಿರು ಮಾರ್ಕ್ಸ್ ಕಾರ್ಡು ಹಿಡಿದು ಕಾಯುತ್ತಿರುತ್ತಾರೆ.

ಈ ಪದ್ಧತಿಯಲ್ಲಿ ಪ್ರೀತಿ ಇದೆ. ಅದು ಇರಲಿ. ಆದರೆ ಪಾಠ ಹೇಳುತ್ತಲೇ ವಯಸ್ಸು ಕಳೆದವನಾಗಿ ನನಗೊಂದು ಮಾತು ಹೇಳಲೇಬೇಕು ಅನ್ನಿಸುತ್ತದೆ. ವರ್ಷದ ಮೊದಲ ದಿನ ಸ್ವಾಗತ ಕೋರಬೇಕಾದವರು ಹೊಸ ಪ್ರಿನ್ಸಿಪಾಲರು. ಚಾರ್ಜ್ ಲಿಸ್ಟಿಗೆ ಸಹಿ ಬಿದ್ದ ಗಳಿಗೆಯಿಂದ ಆ ಮನೆಗೆ ಅವರೇ ಯಜಮಾನರು. ಬನ್ನಿ, ಕೂತುಕೊಳ್ಳಿ ಎನ್ನುವುದು ಯಜಮಾನರ ಬಾಯಲ್ಲಿ ಬರಬೇಕಾದ ಮಾತು. ಇಪ್ಪತ್ತು ವರ್ಷದಿಂದ ಅಲ್ಲೇ ಇರುವವರಿಗೂ ಆ ಮಾತು ಬೇಕು. ಅವರಿಗೇ ಹೆಚ್ಚು ಬೇಕು ಎಂದರೂ ತಪ್ಪಿಲ್ಲ, ಯಾಕೆಂದರೆ ಅವರಿಗೆ ಅದನ್ನು ಯಾರಾದರೂ ಹೇಳಿ ಬಹಳ ಕಾಲವಾಗಿರುತ್ತದೆ.

ಬೀಳ್ಕೊಡುಗೆಯಲ್ಲಾದರೆ ನಾವು ಯಾರಿಗೂ ಕಡಿಮೆ ಇಲ್ಲ. ಸರ್ವೆಪಲ್ಲಿ ರಾಧಾಕೃಷ್ಣನ್ 1918ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ತತ್ತ್ವಶಾಸ್ತ್ರ ಹೇಳಲು ಬಂದು, 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟರು. ಹೊರಟ ದಿನ ಹುಡುಗರು ಸಾರೋಟಿನ ಕುದುರೆ ಬಿಚ್ಚಿ, ತಾವೇ ನೊಗಕ್ಕೆ ಹೆಗಲು ಕೊಟ್ಟು ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದ ಕತೆಯನ್ನು ಮೈಸೂರಿನವರು ಇವತ್ತಿಗೂ ಹೇಳುತ್ತಾರೆ. ಅವರು ಬಂದ ದಿನ ಏನಾಯಿತೆಂದು ಹೇಳಿದವರನ್ನು ನಾನು ಕಂಡಿಲ್ಲ. ಹೋಗುವ ದಿನದ ಗೌರವ ಮೂರು ವರ್ಷ ಕ್ಲಾಸಿನಲ್ಲಿ ನಿಂತು ಸಂಪಾದಿಸಿದ್ದು. ಬಂದ ದಿನದ ಗೌರವ ಮುಂಗಡ ಕೊಟ್ಟದ್ದು, ಅದನ್ನು ಆಮೇಲೆ ತೀರಿಸಬೇಕು. ಅದೇ 1921ರಲ್ಲೇ ಕಲ್ಕತ್ತಾದಿಂದ ಬ್ರಜೇಂದ್ರನಾಥ ಸೀಲ್ ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿ ಬಂದರು. ಅವರು ಕಲ್ಕತ್ತೆಯಲ್ಲಿ ತೆರವು ಮಾಡಿದ ತತ್ತ್ವಶಾಸ್ತ್ರದ ಪೀಠಕ್ಕೇ ರಾಧಾಕೃಷ್ಣನ್ ಹೋಗಿ ಕೂತದ್ದು. ಒಂದು ಊರು ಒಬ್ಬ ತತ್ತ್ವಜ್ಞಾನಿಯನ್ನು ಕಳಿಸಿ ಇನ್ನೊಬ್ಬರನ್ನು ಕರೆಸಿಕೊಂಡ ವರ್ಷ ಅದು. 1916ರ ಜುಲೈ 27ರಂದು ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಆಗಿನ್ನೂ ಐದು ವರ್ಷ! ನೆನೆದರೆ ಇವತ್ತಿಗೂ ಹೆಮ್ಮೆಯಾಗುತ್ತದೆ.

ಮಾತು ಎಲ್ಲಿಗೋ ಹೋಯಿತು. ಹೊಸ ಪ್ರಿನ್ಸಿಪಾಲರ ವಿಷಯಕ್ಕೆ ಬರೋಣ.

ಹಳೆಯ ಕಾಲೇಜುಗಳ ಪ್ರಿನ್ಸಿಪಾಲರ ಚೇಂಬರಿನಲ್ಲಿ ಕುರ್ಚಿಯ ಹಿಂದೆ ಒಂದು ಮರದ ಫಲಕ ಇರುತ್ತದೆ. ಕರಿ ಬಣ್ಣದ ಮೇಲೆ ಬಿಳಿ ಅಕ್ಷರ. ಹೆಸರು, ಇಂದ, ವರೆಗೆ. ಮೇಲಿನ ಸಾಲುಗಳ ಅಕ್ಷರ ಒಂದು ಕೈಯದ್ದು, ದುಂಡಗೆ, ಅಳತೆಗೆ ಸರಿಯಾಗಿ. ಕೆಳಗೆ ಬರಬರುತ್ತಾ ಪೇಂಟರುಗಳು ಬದಲಾಗಿರುತ್ತಾರೆ, ಅಕ್ಷರ ಸಣ್ಣದಾಗಿರುತ್ತದೆ, ಕೊನೆಯ ಎರಡು ಹೆಸರು ಜಾಗ ಸಾಲದೆ ಅಂಚಿಗೆ ಒತ್ತಿಕೊಂಡಿರುತ್ತವೆ. ಹೆಸರಿನ ಮುಂದೆ ‘ಪ್ರಭಾರ’ ಎಂದು ಮತ್ತೆ ಮತ್ತೆ ಕಾಣುತ್ತದೆ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಎಷ್ಟೋ ವರ್ಷ ನಡೆಸಿಕೊಂಡು ಬಂದವರು ಹೀಗೆ ಪ್ರಭಾರದ ಮೇಲಿದ್ದ ಹಿರಿಯ ಅಧ್ಯಾಪಕರು. ಪಾಠವೂ ಮಾಡಿ, ಕಚೇರಿಯ ಕಡತವೂ ನೋಡಿ, ಕೈಯಿಂದ ದುಡ್ಡು ಹಾಕಿ ಸೀಮೆಸುಣ್ಣ ತರಿಸಿದವರು ಅವರಲ್ಲಿದ್ದಾರೆ. ಯುಜಿಸಿಯ 2018ರ ನಿಯಮಾವಳಿ ಪ್ರಿನ್ಸಿಪಾಲರಿಗೆ ಐದು ವರ್ಷದ ಅವಧಿ ಕೊಡುತ್ತದೆ, ಕೆಲಸ ನೋಡಿ ಇನ್ನೂ ಐದು ವರ್ಷಕ್ಕೆ ಅವಕಾಶವಿದೆ. ಫಲಕದ ಮೇಲಾದರೆ ಏಳು ತಿಂಗಳು, ಹದಿನಾಲ್ಕು ತಿಂಗಳು ಇದ್ದವರೂ ಸಿಗುತ್ತಾರೆ. ಹೊಸಬರು ಆ ಕುರ್ಚಿಯಲ್ಲಿ ಕೂರುವ ಮುಂಚೆ ತಿರುಗಿ ನಿಂತು ಆ ಫಲಕವನ್ನು ಒಂದು ಸಲ ಪೂರ್ತಿ ಓದಬೇಕು. ಅಷ್ಟು ಜನ ಬಂದು ಹೋಗಿದ್ದಾರೆ. ಕಾಲೇಜನ್ನು ಉಳಿಸಿಕೊಂಡು ಬಂದವರು ಹೊರಗೆ ಸ್ಟಾಫ್ ರೂಮಿನಲ್ಲಿ ಇದ್ದಾರೆ.

ಒಳಗಿನವರೇ ಮೇಲೆ ಬಂದರೆ ಈ ಪರಿಚಯದ ತೊಂದರೆ ಇಲ್ಲ. ಕುವೆಂಪು 1929ರಲ್ಲಿ ಮಹಾರಾಜ ಕಾಲೇಜಿಗೆ ಕನ್ನಡ ಅಧ್ಯಾಪಕರಾಗಿ ಸೇರಿದವರು, ನಡುವೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಪಾಠ ಹೇಳಿ, 1955ರಲ್ಲಿ ಅದೇ ಮಹಾರಾಜ ಕಾಲೇಜಿಗೆ ಪ್ರಿನ್ಸಿಪಾಲರಾದರು, ಮರುವರ್ಷ ಉಪಕುಲಪತಿ. ತನ್ನಲ್ಲೇ ಓದಿದ ಪದವೀಧರರೊಬ್ಬರನ್ನು ಆ ಸ್ಥಾನದಲ್ಲಿ ಮೈಸೂರು ವಿಶ್ವವಿದ್ಯಾಲಯ ಕಂಡದ್ದು ಆಗಲೇ ಮೊದಲು. ಆ ಕಾರಿಡಾರುಗಳಲ್ಲಿ ವಿದ್ಯಾರ್ಥಿಯಾಗಿ ಓಡಾಡಿದವರಿಗೆ ಯಾವ ಕ್ಲಾಸಿನಲ್ಲಿ ಬೆಳಕು ಸಾಲದು, ಎಲ್ಲಿ ದನಿ ಕೇಳಿಸದು ಎಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಹೊರಗಿನಿಂದ ಬಂದವರ ಪಾಡು ಬೇರೆ. ಗೋಪಾಲಕೃಷ್ಣ ಅಡಿಗರು 1964ರಲ್ಲಿ ಸಾಗರದ ಲಾಲ್ ಬಹದ್ದೂರ್ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋದಾಗ ಕಾಲೇಜೂ ಎಳೆಯದು. ಹೊಸ ಕಾಲೇಜಿನಲ್ಲಿ ಹಳಬರು ಎಂದು ಯಾರೂ ಇರುವುದಿಲ್ಲ. ಪ್ರಿನ್ಸಿಪಾಲರಿಂದ ಹಿಡಿದು ಗಂಟೆ ಹೊಡೆಯುವವರವರೆಗೆ ಎಲ್ಲರೂ ಊರಿಗೆ ಹೊಸಬರು ಅಥವಾ ಕೆಲಸಕ್ಕೆ ಹೊಸಬರು. ಮಲೆನಾಡಿನ ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳಿಸದು. ಅಂಥ ಕಡೆ ಒಂದು ಕಾಲದ ಕಾವ್ಯದ ದಿಕ್ಕನ್ನೇ ಬದಲಿಸಿದ ಕವಿ ಕಾಲೇಜು ನಡೆಸಿದರು, ಟೈಮ್ ಟೇಬಲ್ ಕೂಡ ನೋಡಿಕೊಂಡರು ಎಂಬುದು ನನಗೆ ಬಹಳ ದೊಡ್ಡ ಸಂಗತಿ.

ಇನ್ನು ಎಚ್. ನರಸಿಂಹಯ್ಯನವರು. ಗೌರಿಬಿದನೂರು ಕಡೆಯ ಹೊಸೂರಿನ ಬಡ ಹುಡುಗ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿ ವಾಪಸು ಅಲ್ಲಿಗೇ ಬಂದರು, ಪ್ರಿನ್ಸಿಪಾಲರಾದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯೂ ಆದರು. ವಾಸ ಮಾತ್ರ ಕೊನೆಯವರೆಗೆ ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆ. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ. ಹಾಸ್ಟೆಲ್ಲಿನ ಹುಡುಗರ ನಡುವೆಯೇ ಇರುವ ಪ್ರಿನ್ಸಿಪಾಲರಿಗೆ ಅಡುಗೆಯವರ ಕಷ್ಟ, ನೀರಿನ ಕಷ್ಟ, ಫೀಸು ಕಟ್ಟಲಾಗದ ಹುಡುಗನ ಮುಖ ಎಲ್ಲ ಕಣ್ಣೆದುರಿಗೇ ಇರುತ್ತವೆ. ಎಲ್ಲರೂ ಹಾಸ್ಟೆಲ್ಲಿನಲ್ಲಿ ಸಂಸಾರ ಹೂಡಲು ಆಗುವುದಿಲ್ಲ, ನಿಜ. ಮೊದಲ ವಾರ ಒಂದು ದಿನ ಅಲ್ಲಿ ಊಟಕ್ಕೆ ಕೂರಲು ಯಾರ ಅಡ್ಡಿಯೂ ಇಲ್ಲ.

ಸಭೆಯ ಹಿಂದಿನ ದಿನ ನಡೆಯುವ ಒಂದು ಸಣ್ಣ ಕೆಲಸವನ್ನು ನಾನು ಯಾವಾಗಲೂ ಗಮನವಿಟ್ಟು ನೋಡುತ್ತಿದ್ದೆ. ಪ್ರಿನ್ಸಿಪಾಲರು ಸೂಚನಾ ಪುಸ್ತಕದಲ್ಲಿ ‘ನಾಳೆ ಹನ್ನೊಂದಕ್ಕೆ ಸಿಬ್ಬಂದಿ ಸಭೆ, ಎಲ್ಲರೂ ತಪ್ಪದೆ ಹಾಜರಿರತಕ್ಕದ್ದು’ ಎಂದು ಬರೆಸುತ್ತಾರೆ. ಅದನ್ನು ಹಿಡಿದು ಅಟೆಂಡರ್ ರೂಮಿಂದ ರೂಮಿಗೆ ನಡೆಯುತ್ತಾನೆ. ಉದ್ದದ ಪುಸ್ತಕ, ಮೂಲೆಗಳು ಸವೆದು ರಟ್ಟು ಎದ್ದಿರುತ್ತದೆ, ದಾರಕ್ಕೆ ಒಂದು ಬಾಲ್‌ಪೆನ್ ಕಟ್ಟಿರುತ್ತದೆ. ಕ್ರಮಸಂಖ್ಯೆ, ಹೆಸರು, ಸಹಿ. ಕ್ಲಾಸಿನಲ್ಲಿದ್ದವರಿಗಾಗಿ ಬಾಗಿಲಲ್ಲಿ ನಿಂತು ಕಾಯುತ್ತಾನೆ, ಲ್ಯಾಬಿನಲ್ಲಿದ್ದವರು ಕೈ ಒರೆಸಿಕೊಳ್ಳುವವರೆಗೆ ಪುಸ್ತಕ ತೆರೆದು ಹಿಡಿದಿರುತ್ತಾನೆ, ಎರಡನೇ ಮಹಡಿಯ ಲೈಬ್ರರಿಗೆ ಹತ್ತಿ ಇಳಿಯುತ್ತಾನೆ. ಅಷ್ಟೂ ಸಹಿ ಹಾಕಿಸಿ ತಂದು ಮೇಜಿನ ಮೇಲಿಡುತ್ತಾನೆ. ಆ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಮರುದಿನ ಸಭೆಯಲ್ಲಿ ಕುರ್ಚಿ ಜೋಡಿಸುವವನು ಅವನೇ, ಕಾಫಿ ಲೋಟ ಹಂಚುವವನೂ ಅವನೇ. ‘ಎಲ್ಲರಿಗೂ ಸ್ವಾಗತ’ ಎಂದಾಗ ಆ ‘ಎಲ್ಲರ’ ಒಳಗೆ ಅವನು ಬರುವುದಿಲ್ಲ.

ಕಾಲೇಜಿನ ಬೀಗದ ಕೈ ಗೊಂಚಲಿನಲ್ಲಿ ಯಾವ ಕೈ ಯಾವ ಬಾಗಿಲಿಗೆ ಎಂದು ಅವನೊಬ್ಬನಿಗೇ ಗೊತ್ತು. ಕೆಮಿಸ್ಟ್ರಿ ಲ್ಯಾಬಿನ ಸಹಾಯಕನಿಗೆ ಯಾವ ಆಮ್ಲದ ಬಾಟಲಿಯ ಮುಚ್ಚಳ ಸಡಿಲ ಎಂದು ಗೊತ್ತು. ಗುಡಿಸುವ ಹೆಂಗಸಿಗೆ ಯಾವ ಹುಡುಗಿ ಪರೀಕ್ಷೆಯ ದಿನ ಮೆಟ್ಟಿಲ ಕೆಳಗೆ ಕೂತು ಅತ್ತಳು ಎಂದು ಗೊತ್ತು. ಇವರನ್ನೆಲ್ಲ ಹೊರಗಿಟ್ಟು ಮಾಡಿದ ಸ್ವಾಗತ ಅರ್ಧ ಕಾಲೇಜಿಗೆ ಮಾಡಿದ ಸ್ವಾಗತ.

ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಆಗಸ್ಟ್ ತಿಂಗಳಲ್ಲಿ, ಹುಡುಗರು ಬರುವ ಮುಂಚೆ, ಅಧ್ಯಕ್ಷರು ಎಲ್ಲರನ್ನೂ ಒಂದೆಡೆ ಸೇರಿಸಿ ವರ್ಷದ ಮೊದಲ ಮಾತಾಡುತ್ತಾರೆ. ಅಲ್ಲಿ ಕಾಲೇಜಿನ ಮುಖ್ಯಸ್ಥರನ್ನು ಕರೆಯುವುದೇ ಅಧ್ಯಕ್ಷರೆಂದು. ಪಾಠ ಹೇಳುವವರ ಜೊತೆ ಕಚೇರಿಯವರಿಗೂ ಕಟ್ಟಡ ನೋಡಿಕೊಳ್ಳುವವರಿಗೂ ಕರೆ ಇರುತ್ತದೆ. ಈ ಒಂದು ಕ್ರಮವನ್ನು ನಾವು ಹಾಗೇ ತೆಗೆದುಕೊಂಡರೆ ನಷ್ಟವೇನಿಲ್ಲ.

ಅಟೆಂಡರನ ಪಾಡಿಗಿಂತ ನೋವಿನ ಸಂಗತಿ ಅತಿಥಿ ಉಪನ್ಯಾಸಕರದ್ದು. 2023ರ ಹೊತ್ತಿಗೆ ನಮ್ಮ ರಾಜ್ಯದ 400ಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳಲ್ಲಿ 10,000ಕ್ಕೂ ಮೀರಿ ಅತಿಥಿ ಉಪನ್ಯಾಸಕರು ಇದ್ದರು. ಎಷ್ಟೋ ಕಡೆ ಕಾಯಂ ಅಧ್ಯಾಪಕರಿಗಿಂತ ಅವರೇ ಹೆಚ್ಚು. ಪ್ರತಿ ವರ್ಷ ಅರ್ಜಿ, ಕೌನ್ಸೆಲಿಂಗ್, ವರ್ಕ್‌ಲೋಡ್ ಲೆಕ್ಕ. ವರ್ಗಾವಣೆಯಾಗಿ ಕಾಯಂ ಮೇಷ್ಟ್ರೊಬ್ಬರು ಬಂದರೆ ಇವರ ತಾಸುಗಳು ಹೋಗುತ್ತವೆ. ಸೇವೆ ಕಾಯಂ ಮಾಡಿ ಎಂದು 2023ರ ಕೊನೆಯಲ್ಲಿ ಇವರು ತರಗತಿ ಬಿಟ್ಟು ಮುಷ್ಕರ ಹೂಡಿದಾಗ ಎಷ್ಟೋ ಕಾಲೇಜುಗಳ ಕ್ಲಾಸುಗಳು ಖಾಲಿ ಬಿದ್ದವು. 2024ರ ಆರಂಭದಲ್ಲಿ ಸರ್ಕಾರ ಗೌರವಧನ ಹೆಚ್ಚಿಸಿತು, ಸೇವೆ ಕಾಯಂ ಆಗಲಿಲ್ಲ. ಅವರ ನೇಮಕದ ಆದೇಶ ಬರುವ ಹೊತ್ತಿಗೆ ಸ್ವಾಗತ ಸಭೆ ಮುಗಿದು, ಕ್ಲಾಸು ಶುರುವಾಗಿ ಎರಡು ಮೂರು ವಾರ ಕಳೆದಿರುವುದುಂಟು. ಹದಿನೈದು ವರ್ಷ ಪಾಠ ಹೇಳಿದವರು ಮತ್ತೊಮ್ಮೆ ಹೊಸಬರಂತೆ ವರದಿ ಮಾಡಿಕೊಂಡು, ಸ್ಟಾಫ್ ರೂಮಿನಲ್ಲಿ ಖಾಲಿ ಕುರ್ಚಿ ಯಾವುದೆಂದು ನೋಡುತ್ತಾ ನಿಲ್ಲುತ್ತಾರೆ. ಕೆಲಸ ಕಾಯಂ ಮಾಡುವುದು ಪ್ರಿನ್ಸಿಪಾಲರ ಕೈಯಲ್ಲಿಲ್ಲ. ಕುರ್ಚಿ, ಬೀರುವಿನಲ್ಲಿ ಒಂದು ಖಾನೆ, ಟೈಮ್ ಟೇಬಲ್ಲಿನಲ್ಲಿ ‘ಅ.ಉ. 3’ ಎಂದು ಬರೆಯದೆ ಅವರ ಹೆಸರು ಬರೆಸುವುದು, ಇಷ್ಟು ಪ್ರಿನ್ಸಿಪಾಲರ ಕೈಯಲ್ಲೇ ಇದೆ. ಆ ಉಪನ್ಯಾಸಕರು ಬಂದ ದಿನ ಇನ್ನೊಂದು ಸಣ್ಣ ಸಭೆ ಕರೆದು ‘ಬನ್ನಿ’ ಎನ್ನುವುದೂ ಅವರ ಕೈಯಲ್ಲೇ ಇದೆ.

ಮೊದಲ ಭಾಷಣ ಹತ್ತು ನಿಮಿಷ ಸಾಕು. ನ್ಯಾಕ್ ಗ್ರೇಡು, ಫಲಿತಾಂಶ, ಹಾಜರಾತಿ ಇವಕ್ಕೆ ವರ್ಷವಿಡೀ ಸಭೆಗಳಿವೆ. ಮೊದಲ ದಿನ ಅವನ್ನು ಎತ್ತಿದರೆ ಕೇಳುವವರು ಎದೆ ಬಿಗಿಹಿಡಿದು ಕೂರುತ್ತಾರೆ. ನೀವು ಇಲ್ಲಿ ನಡೆಸಿಕೊಂಡು ಬಂದದ್ದರಲ್ಲಿ ಒಳ್ಳೆಯದನ್ನು ಕೆಡಿಸುವುದಿಲ್ಲ ಎಂದು ಹೇಳಲಿ. ಬದಲಿಸುವುದನ್ನು ಕೇಳಿ ಬದಲಿಸುತ್ತೇನೆ ಎಂದು ಹೇಳಲಿ. ತಾವು ವಾರಕ್ಕೆ ಒಂದು ಕ್ಲಾಸಾದರೂ ತೆಗೆದುಕೊಳ್ಳುತ್ತೇನೆ ಎಂದರೆ ಅದಕ್ಕಿಂತ ದೊಡ್ಡ ಭರವಸೆ ಬೇರೆ ಬೇಕಾಗಿಲ್ಲ. ಸೀಮೆಸುಣ್ಣ ಹಿಡಿಯುವ ಪ್ರಿನ್ಸಿಪಾಲರನ್ನು ಅಧ್ಯಾಪಕರು ತಮ್ಮವರೆಂದೇ ನೋಡುತ್ತಾರೆ.

ಆಮೇಲೆ ಕಾಲೇಜು ಸುತ್ತಲಿ. ಜೊತೆಗೆ ಸೂಪರಿಂಟೆಂಡೆಂಟರು ಬೇಡ, ಬೀಗದ ಕೈ ಗೊಂಚಲಿನವನು ಸಾಕು. ಒಬ್ಬೊಬ್ಬರ ಹತ್ತಿರ ನಿಂತು ‘ನಿಮ್ಮ ಕೆಲಸಕ್ಕೆ ಈಗ ಏನು ಅಡ್ಡವಾಗಿದೆ?’ ಎಂದು ಕೇಳಲಿ. ಹೊಸ ಬ್ಲಾಕು, ಸೆಮಿನಾರ್ ಹಾಲು ಯಾರ ಬಾಯಲ್ಲೂ ಮೊದಲು ಬರುವುದಿಲ್ಲ. ಲೈಬ್ರರಿಯವರು ಕನ್ನಡ ವಿಭಾಗದ ಬೀರುವಿನ ಮೇಲೆ ಸೋರುವ ಮೂಲೆ ತೋರಿಸುತ್ತಾರೆ. ಫಿಸಿಕ್ಸಿನವರು ಕತ್ತಲಕೋಣೆಯ ಪರದೆ ಹರಿದಿದೆ ಎನ್ನುತ್ತಾರೆ. ಕಚೇರಿಯ ಎಸ್‌ಡಿಎ ಹುಡುಗ ಪ್ರಿಂಟರಿನ ಟೋನರ್ ಮುಗಿದಿದೆ, ಹುಡುಗರನ್ನು ಹೊರಗಿನ ಜೆರಾಕ್ಸ್ ಅಂಗಡಿಗೆ ಕಳಿಸುತ್ತಿದ್ದೇನೆ ಎನ್ನುತ್ತಾನೆ. ಹೆಣ್ಣುಮಕ್ಕಳು, ಪಾಠ ಹೇಳುವವರು ಗುಡಿಸುವವರು ಇಬ್ಬರೂ, ಮೊದಲು ಸ್ವಲ್ಪ ಹಿಂಜರಿದು ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಎನ್ನುತ್ತಾರೆ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತೇವೆ ಎನ್ನುತ್ತಾರೆ. ಆ ಚಿಲಕ ಆವತ್ತು ಸಂಜೆಯೊಳಗೆ ಬೀಳಬೇಕು. ಹೊಸ ಪ್ರಿನ್ಸಿಪಾಲರು ಸಹಿ ಹಾಕುವ ಮೊದಲ ವೋಚರು ಅದೇ ಆಗಲಿ.